ಜಾತಕದಲ್ಲಿ ಎದುರು ಬದುರು ಕೂತ ಗ್ರಹಗಳು: ಹೆದರದೆ ಓದುವುದು, ಕೆಲಸಕ್ಕೆ ಹಚ್ಚುವುದು

"ಶನಿ ಚಂದ್ರನ ಎದುರಿಗೆ ಕೂತಿದ್ದಾನೆ" ಅಂತ ಜೋಯಿಸರು ಹೇಳಿದ ಕೂಡಲೇ ನಮ್ಮ ಶಿರಸಿ, ಕುಮಟಾ ಕಡೆ ಬರುವ ಮೊದಲ ಪ್ರಶ್ನೆ ಒಂದೇ: "ಶಾಂತಿ ಮಾಡಿಸ್ಬೇಕಾ ಭಟ್ರೇ?" ಆ ಶನಿ ಅಲ್ಲಿ ಕೂತು ಏನು ಕೇಳುತ್ತಿದ್ದಾನೆ ಅಂತ ಯಾರೂ ವಿಚಾರಿಸುವುದಿಲ್ಲ. ಈ ಲೇಖನ ಆ ವಿಚಾರಣೆಯ ಬಗ್ಗೆ.

ಒಂದು ಗ್ರಹದಿಂದ ಎಣಿಸಿದರೆ ಏಳನೇ ರಾಶಿಯಲ್ಲಿ ಇನ್ನೊಂದು ಗ್ರಹ ಇದ್ದರೆ ಅದು ಸಮಸಪ್ತಕ. ಎಲ್ಲ ಗ್ರಹಗಳಿಗೂ ಏಳನೇ ಮನೆಯ ಮೇಲೆ ಪೂರ್ಣ ದೃಷ್ಟಿ. ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡುತ್ತಿರುತ್ತಾರೆ. ನನ್ನ ಅನುಭವದಲ್ಲಿ ನಾವು ಈ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕೆಲಸ ಕೊಡುತ್ತೇವೆ. ಇನ್ನೊಬ್ಬ ಖಾಲಿ ಕೂತಿರುತ್ತಾನೆ. ಹಾಗೆ ಕೆಲಸವಿಲ್ಲದೆ ಕೂತ ಗ್ರಹ ಬೇರೆಯವರ ಮುಖ ಹಾಕಿಕೊಂಡು ಮನೆಗೆ ಬರುತ್ತದೆ. ಗಂಡನಾಗಿ, ಅತ್ತೆಯಾಗಿ, ಸಾಹೇಬರಾಗಿ, ಪಕ್ಕದ ತೋಟದವರಾಗಿ. ಏಳನೇ ಮನೆ ಸಂಗಾತಿಯದು, ಪಾಲುದಾರರದು, ಎದುರಾಳಿಯದು ಅಂತ ಶಾಸ್ತ್ರ ಹೇಳಿದ್ದು ಸುಮ್ನೆ ಅಲ್ಲ.

ಮುಂದೆ ಹೋಗುವ ಮುಂಚೆ ಒಂದು ಮಾತು. ಖಗೋಳ ವಿಜ್ಞಾನಿ ಜಯಂತ್ ನಾರ್ಲಿಕರ್ ಅವರ ತಂಡ ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ಮಾಡಿತ್ತು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಇವುಗಳಲ್ಲಿ ಓದಿನಲ್ಲಿ ಚುರುಕಾದ ಮಕ್ಕಳದ್ದು ಯಾವುದು, ಬುದ್ಧಿಮಾಂದ್ಯ ಮಕ್ಕಳದ್ದು ಯಾವುದು ಅಂತ ಕೇಳಿದರು. ಸರಿಯುತ್ತರ ಬಂದಿದ್ದು 46%. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ನಾಣ್ಯ ಚಿಮ್ಮಿದರೂ 50% ಬರುತ್ತಿತ್ತು! ಹಾಗಾಗಿ ನಾನು ಜಾತಕ ಹಿಡಿದು ಭವಿಷ್ಯ ಹೇಳುವ ಗೋಜಿಗೆ ಹೋಗುವುದಿಲ್ಲ. ಅದು ನನಗೆ ಪ್ರಶ್ನೆ ಕೇಳಿಕೊಳ್ಳುವ ಒಂದು ಕ್ರಮ. ನಂಬಿಕೆ ಇದ್ದವರೂ ಇಲ್ಲದವರೂ ಈ ಕ್ರಮದಲ್ಲಿ ಮಾಡಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಪಂಚಾಂಗ, ನಿಮ್ಮ ಕುಂಡಲಿ.

ಮೊದಲ ಹೆಜ್ಜೆ: ಕುಂಡಲಿ ಸರಿಯಾಗಿದೆಯೇ ನೋಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಯಾಕೆಂದರೆ ತಪ್ಪು ಕುಂಡಲಿ ಹಿಡಿದು ಮಾಡುವ ಆತ್ಮಶೋಧನೆ ಬೇರೆಯವರ ಆತ್ಮದ್ದಾಗಿರುತ್ತದೆ.

ಹುಟ್ಟಿದ ಊರು ಮೊದಲು. ಬಹಳ ಜನ ಮೊಬೈಲ್ ಆಪ್‌ನಲ್ಲಿ ತಮ್ಮ ಊರು ಸಿಗಲಿಲ್ಲ ಅಂತ "ಬೆಂಗಳೂರು" ಒತ್ತಿಬಿಡುತ್ತಾರೆ. ಕಾರವಾರ ಬೆಂಗಳೂರಿಗಿಂತ ಸುಮಾರು ಮೂರೂವರೆ ಡಿಗ್ರಿ ಪಶ್ಚಿಮಕ್ಕಿದೆ. ಸೂರ್ಯ ಅಲ್ಲಿಂದ ಇಲ್ಲಿಗೆ ಬರಲು ಹತ್ತಿರ ಹತ್ತಿರ 14 ನಿಮಿಷ ಬೇಕು. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿಯ ಬಿಂದು, ಸುಮಾರು 4 ನಿಮಿಷಕ್ಕೊಂದು ಡಿಗ್ರಿ ಸರಿಯುತ್ತದೆ. ಹಾಗಾಗಿ ಬೆಂಗಳೂರು ಅಂತ ಹಾಕಿದರೆ ಲಗ್ನ ಮೂರೂವರೆ ಡಿಗ್ರಿ ಮುಂದೆ ಹೋಗುತ್ತದೆ. ರಾಶಿಯ ಅಂಚಿನಲ್ಲಿ ಹುಟ್ಟಿದವರಿಗೆ ಲಗ್ನವೇ ಬೇರೆ, ಹನ್ನೆರಡು ಮನೆಗಳೂ ಬೇರೆ. ನಿಮ್ಮ ಹಳ್ಳಿ ಸಿಗದಿದ್ದರೆ ಕಾರವಾರ, ಕುಮಟಾ, ಶಿರಸಿ, ಯಾವುದು ಹತ್ತಿರವೋ ಅದನ್ನು ಹಾಕಿ.

ಹಳೆಯ ಜಾತಕದಲ್ಲಿ ಸಮಯ ಘಟಿ, ವಿಘಟಿಯಲ್ಲಿ ಇರುತ್ತದೆ. ಒಂದು ಘಟಿ 24 ನಿಮಿಷ. ಅರುವತ್ತು ವಿಘಟಿಗೆ ಒಂದು ಘಟಿ. ಲೆಕ್ಕ ಶುರುವಾಗುವುದು ಸೂರ್ಯೋದಯದಿಂದ. "ಗತ ಘಟಿ 12, ವಿಘಟಿ 30" ಅಂತ ಇದ್ದರೆ ಸೂರ್ಯೋದಯವಾಗಿ ಐದು ತಾಸು. ಆ ದಿನ ಸೂರ್ಯೋದಯ 6:30ಕ್ಕೆ ಆಗಿದ್ದರೆ ನೀವು ಹುಟ್ಟಿದ್ದು 11:30ಕ್ಕೆ.

ಇನ್ನೊಂದು ಎಡವಟ್ಟು ತಾರೀಕಿನದ್ದು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಮಂಗಳವಾರ ಬೆಳಗಿನ ಜಾವ ಎರಡು ಗಂಟೆಗೆ ಹುಟ್ಟಿದ ಮಗುವಿನ ಜಾತಕದಲ್ಲಿ "ಸೋಮವಾರ" ಅಂತ ಬರೆದಿರುತ್ತಾರೆ. ಆಪ್‌ಗೆ ಬೇಕಾಗಿರುವುದು ಕ್ಯಾಲೆಂಡರ್ ತಾರೀಕು. ಆಯಿಯ ಹತ್ತಿರ, ಅಜ್ಜಿಯ ಹತ್ತಿರ ಕೇಳಿ. "ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು" ಅಂದರೂ ಸಾಕು, ಜಾವವೋ ಸಂಜೆಯೋ ಗೊತ್ತಾಗುತ್ತದೆ.

ಅಯನಾಂಶ (ನಮ್ಮ ರಾಶಿಚಕ್ರಕ್ಕೂ ಪಾಶ್ಚಾತ್ಯ ರಾಶಿಚಕ್ರಕ್ಕೂ ಇರುವ ಅಂತರ) ಅಂತ ಆಪ್ ಕೇಳಿದರೆ ಲಾಹಿರಿ ಆರಿಸಿ. ಪಾಶ್ಚಾತ್ಯ ಪದ್ಧತಿಯ ಆಪ್ ಆದರೆ ಎಲ್ಲ ಗ್ರಹಗಳೂ ಸುಮಾರು 24 ಡಿಗ್ರಿ ಮುಂದೆ ಕಾಣುತ್ತವೆ. ಆದರೆ ಎಲ್ಲವೂ ಒಟ್ಟಿಗೇ ಸರಿಯುವುದರಿಂದ ಗ್ರಹ ಗ್ರಹಗಳ ನಡುವಿನ ಅಂತರ ಬದಲಾಗುವುದಿಲ್ಲ.

ಎರಡನೇ ಹೆಜ್ಜೆ: ಎದುರಿಗೆ ಯಾರಿದ್ದಾರೆ?

ನಮ್ಮ ದಕ್ಷಿಣದ ಚೌಕ ಕುಂಡಲಿಯಲ್ಲಿ ಹೊಸಬರು ಎಡವುವ ಜಾಗ ಇದು. ಮೇಲಿನ ಸಾಲಿನಲ್ಲಿ ಎಡದಿಂದ ಮೀನ, ಮೇಷ, ವೃಷಭ, ಮಿಥುನ. ಆಮೇಲೆ ಬಲಗಡೆ ಇಳಿದು ಕರ್ಕ, ಸಿಂಹ. ಮೇಷದ ಮನೆಯಿಂದ ನೇರ ಕೆಳಗೆ ನೋಡಿದರೆ ಸಿಗುವುದು ವೃಶ್ಚಿಕ. ಅದು ಎಂಟನೇ ಮನೆ, ಏಳನೆಯದಲ್ಲ! ಅದಕ್ಕೆ ಷಷ್ಠಾಷ್ಟಕ ಅಂತಾರೆ, ಬೇರೆಯೇ ಕಥೆ. ಚೌಕದ ನಡುವಿನ ಬಿಂದುವಿನ ಮೂಲಕ ಓರೆಯಾಗಿ ಗೆರೆ ಎಳೆಯಬೇಕು. ಆಗ ಮೇಷಕ್ಕೆ ತುಲಾ, ವೃಷಭಕ್ಕೆ ವೃಶ್ಚಿಕ, ಮಿಥುನಕ್ಕೆ ಧನು, ಕರ್ಕಕ್ಕೆ ಮಕರ, ಸಿಂಹಕ್ಕೆ ಕುಂಭ, ಕನ್ಯಾಕ್ಕೆ ಮೀನ ಸಿಗುತ್ತದೆ. ಪೆನ್ಸಿಲ್ ಹಿಡಿದು ಆರು ಗೆರೆ ಎಳೆದುಬಿಡಿ. ಗೆರೆಯ ಎರಡೂ ತುದಿಯಲ್ಲಿ ಗ್ರಹ ಇದ್ದರೆ ಅದು ನಿಮ್ಮ ಜೋಡಿ.

ಕಾರವಾರದ ಕಡೆ ಕೆಲವು ಮನೆಗಳಲ್ಲಿ ಗೋವಾ, ಮಹಾರಾಷ್ಟ್ರದ ಪದ್ಧತಿಯ ಪತ್ರಿಕೆ ಇರುತ್ತದೆ. ಅಡ್ಡಗೆರೆಗಳ ಚಿತ್ರ, ಒಳಗೆ ಅಂಕಿಗಳು. ಅದರಲ್ಲಿ ಮೇಲಿನ ನಡುವಿನ ಮನೆಯೇ ಲಗ್ನ, ಅಂಕಿ ಅಂದರೆ ರಾಶಿ. ಲಗ್ನದ ನೇರ ಕೆಳಗಿನ ನಡುವಿನ ಮನೆ ಏಳನೆಯದು. ಅಲ್ಲಿ ಗೊಂದಲ ಕಡಿಮೆ.

ಈಗ ಆಕಾಶ ಕೊಟ್ಟಿರುವ ಎರಡು ಪರೀಕ್ಷೆ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಶುಕ್ರನ ಮಿತಿ ಸುಮಾರು 48. ಹಾಗಾಗಿ ಸೂರ್ಯ, ಬುಧ, ಶುಕ್ರ ಈ ಮೂವರು ಯಾರ ಜಾತಕದಲ್ಲೂ ಒಬ್ಬರಿಗೊಬ್ಬರು ಎದುರಾಗಲಾರರು. ನಿಮ್ಮ ಕುಂಡಲಿಯಲ್ಲಿ ಬುಧ ಸೂರ್ಯನ ಎದುರಿಗಿದ್ದರೆ ಗ್ರಹದ್ದಲ್ಲ, ಕುಂಡಲಿ ಬರೆದವರದ್ದು ದೋಷ. ಎರಡನೆಯದು: ಕುಜ, ಗುರು, ಶನಿ ಸೂರ್ಯನ ಎದುರಿನ ರಾಶಿಯಲ್ಲಿದ್ದರೆ ವಕ್ರವಾಗಿರಲೇಬೇಕು, ಅಂದರೆ ಹಿಮ್ಮುಖವಾಗಿ ಸರಿಯುವಂತೆ ಕಾಣಬೇಕು. ಗ್ರಹದ ಪಕ್ಕ "ವ" ಇದೆಯೇ ನೋಡಿ.

ಈ ಎದುರು ನಿಲ್ಲುವುದು ಕಾಗದದ ಮೇಲಿನ ಮಾತು ಮಾತ್ರ ಅಲ್ಲ, ಕಣ್ಣಿಗೆ ಕಾಣುತ್ತದೆ. ನೋಡಲು ಕಾರವಾರದಂಥ ಜಾಗ ಬೇರೆ ಇಲ್ಲ. ಟ್ಯಾಗೋರ್ ಕಡಲತೀರದಲ್ಲಿ ಹುಣ್ಣಿಮೆ ಸಂಜೆ ನಿಲ್ಲಿ. ಮುಂದೆ ದೇವಗಡದ ದೀಪಸ್ತಂಭದ ಆಚೆ ಸೂರ್ಯ ನೀರಿಗಿಳಿಯುತ್ತಾನೆ. ತಿರುಗಿ ನೋಡಿದರೆ ಬೆನ್ನ ಹಿಂದಿನ ಘಟ್ಟದ ಮೇಲೆ ಚಂದ್ರ. ಗುಡ್ಡ ಅಡ್ಡ ಇರುವುದರಿಂದ ಪಂಚಾಂಗದ ಹೊತ್ತಿಗಿಂತ ಸ್ವಲ್ಪ ತಡವಾಗಿ ತಲೆ ಎತ್ತುತ್ತಾನೆ, ಅಷ್ಟೇ. 2025ರ ಸೆಪ್ಟೆಂಬರ್ 21ರಂದು ಶನಿ ಹೀಗೇ ಸೂರ್ಯನ ಎದುರಿಗಿದ್ದ, ಸೂರ್ಯ ಕನ್ಯಾದಲ್ಲಿ, ಶನಿ ಮೀನದಲ್ಲಿ. 2026ರ ಜನವರಿ 10ರಂದು ಗುರು ಮಿಥುನದಲ್ಲಿ, ಸೂರ್ಯ ಧನುವಿನಲ್ಲಿ. ಹೀಗೆ ಎದುರಿಗೆ ಬಂದಾಗಲೇ ಆ ಗ್ರಹಗಳು ಭೂಮಿಗೆ ಹತ್ತಿರ, ವರ್ಷದಲ್ಲೇ ಜಾಸ್ತಿ ಹೊಳಪು, ರಾತ್ರಿಯಿಡೀ ಆಕಾಶದಲ್ಲಿ.

ಅದೇ ಹುಣ್ಣಿಮೆಯ ಇನ್ನೊಂದು ಸಂಗತಿ ಕಡಲಿನವರಿಗೆ ಚೆನ್ನಾಗಿ ಗೊತ್ತು. ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ ನಿಂತು ಎಳೆದರೆ ಒಂದು ಎಳೆತ ಇನ್ನೊಂದನ್ನು ಕಳೆಯಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ಎರಡೂ ಕೂಡಿ ದೊಡ್ಡ ಭರತಿ ಬರುತ್ತದೆ, ಇಳಿತವೂ ಅಷ್ಟೇ ಆಳಕ್ಕೆ ಹೋಗುತ್ತದೆ. ಅಘನಾಶಿನಿಯಲ್ಲಿ ಚಿಪ್ಪಿ ಹೆಕ್ಕುವವರಿಗೆ ಆ ದಿನಗಳಲ್ಲಿ ದೂರದ ದಿಬ್ಬಗಳೂ ತೆರೆದು ಸಿಗುತ್ತವೆ. ಅಷ್ಟಮಿಯ ಹೊತ್ತಿಗೆ ಸೂರ್ಯ ಚಂದ್ರರ ನಡುವೆ 90 ಡಿಗ್ರಿ ಇರುವಾಗ ನೀರು ಮಂಕು. ಎದುರು ಬದುರು ನಿಂತವರು ಒಬ್ಬರ ಬಲವನ್ನೊಬ್ಬರು ತಿಂದುಹಾಕುತ್ತಾರೆ ಅಂತ ಹೇಳುವವರಿಗೆ ನಾನು ಕೊಡುವ ಉತ್ತರ ಇದು.

ಮೂರನೇ ಹೆಜ್ಜೆ: ದೋಷ ಅನ್ನುವ ಹಣೆಪಟ್ಟಿ ಕಿತ್ತು ಹಾಕಿ

ಶಾಸ್ತ್ರವೇ ಇದಕ್ಕೆ ಪುಷ್ಟಿ ಕೊಡುತ್ತದೆ. ಚಂದ್ರನಿಂದ ಕೇಂದ್ರದಲ್ಲಿ ಗುರು ಇದ್ದರೆ ಗಜಕೇಸರಿ ಅನ್ನುವ ಶುಭ ಯೋಗ. ಕೇಂದ್ರ ಅಂದರೆ 1, 4, 7, 10. ಅಂದರೆ ಗುರು ಚಂದ್ರರು ಎದುರು ಬದುರು ಇದ್ದರೂ ಅದು ಯೋಗದ ಲೆಕ್ಕಕ್ಕೇ ಬರುತ್ತದೆ. ಹುಣ್ಣಿಮೆಗೆ ಹುಟ್ಟಿದವರ ಚಂದ್ರ ಬಲಿಷ್ಠ ಅಂತಾರೆ, ಅವನೂ ಸೂರ್ಯನ ಎದುರಿಗೇ ಇರುವವನು.

ಇನ್ನೂ ಚೆಂದದ ವಿಷಯ ಉಚ್ಚ (ಗ್ರಹಕ್ಕೆ ಬಲ ಜಾಸ್ತಿ) ನೀಚದ್ದು (ಬಲ ಕಡಿಮೆ). ಒಂದು ಗ್ರಹದ ಉಚ್ಚ ರಾಶಿಯ ಎದುರಿನ ರಾಶಿಯೇ ಅದರ ನೀಚ ರಾಶಿ. ಸೂರ್ಯನಿಗೆ ಮೇಷ ಉಚ್ಚ, ತುಲಾ ನೀಚ. ಅವನ ಮಗ ಶನಿಗೆ ತುಲಾ ಉಚ್ಚ, ಮೇಷ ನೀಚ. ಅಪ್ಪ ಮೆರೆಯುವ ಅಂಗಳದಲ್ಲಿ ಮಗನ ತಲೆ ತಗ್ಗುತ್ತದೆ, ಮಗ ಮೆರೆಯುವ ಕಡೆ ಅಪ್ಪನದ್ದು. ಗುರುವಿಗೆ ಉಚ್ಚ ಕರ್ಕ, ಕುಜನಿಗೆ ಅದರ ಎದುರಿನ ಮಕರ. ಬುಧನಿಗೆ ಕನ್ಯಾ, ಶುಕ್ರನಿಗೆ ಮೀನ. ಹಿಂದಿನವರು ಇದನ್ನು ಗೆರೆಯ ಎರಡು ತುದಿಯಾಗಿಯೇ ನೋಡಿದ್ದರು ಅನ್ನಿಸುತ್ತದೆ.

ಡಿಗ್ರಿ ಎಷ್ಟು ಹತ್ತಿರ ಅನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ಗ್ರಹ 10ನೇ ಡಿಗ್ರಿ, ಎದುರಿನದ್ದು 12ನೇ ಡಿಗ್ರಿ ಅಂದರೆ ಬಿಗಿ ಜೋಡಿ. 2 ಮತ್ತು 27 ಅಂದರೆ ಸಡಿಲ. ಎರಡು ಮೂರು ಜೋಡಿ ಇದ್ದವರು ಬಿಗಿಯಾದ ಒಂದನ್ನೇ ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದೂ ಮುಗಿಯುವುದಿಲ್ಲ.

ನಾಲ್ಕನೇ ಹೆಜ್ಜೆ: ಎರಡೂ ತುದಿಗೆ ನಿಮ್ಮ ಮನೆಯ ಹೆಸರು ಕೊಡಿ

ಪುಸ್ತಕದಲ್ಲಿ ಶನಿ ಅಂದರೆ ಕರ್ಮ, ಚಂದ್ರ ಅಂದರೆ ಮನಸ್ಸು. ಇಷ್ಟೇ ಬರೆದುಕೊಂಡರೆ ಏನೂ ಪ್ರಯೋಜನ ಇಲ್ಲ. ನಿಮ್ಮ ದಿನದಲ್ಲಿ ಅದು ಯಾವ ಹೊತ್ತಿಗೆ, ಯಾರ ಮಾತಲ್ಲಿ ಬರುತ್ತದೆ ಅಂತ ಬರೆಯಬೇಕು.

ಚಂದ್ರ ಮತ್ತು ಶನಿ. ನಮ್ಮ ಜಿಲ್ಲೆಯಲ್ಲಿ ಇದರ ರೂಪ ಹುಡುಕಲು ದೂರ ಹೋಗಬೇಕಿಲ್ಲ. ಸಿದ್ದಾಪುರದ ಒಂದು ಅಡಿಕೆ ತೋಟದ ಮನೆ ಅಂತ ಇಟ್ಟುಕೊಳ್ಳಿ. ಮಕ್ಕಳಿಬ್ಬರೂ ಬೆಂಗಳೂರು. ಬೆಳಿಗ್ಗೆ ಐದಕ್ಕೆ ಎದ್ದ ಆಯಿ ದನ, ದೇವರು, ಅಡುಗೆ, ಆಳುಗಳ ಆಸರಿ (ಚಹಾ ಪಾನಕ) ಅಂತ ರಾತ್ರಿ ಒಂಬತ್ತರವರೆಗೆ ನಿಂತಿರುತ್ತಾಳೆ. ಮಗಳ ಫೋನ್ ಬರುತ್ತದೆ.

"ಆಯಿ, ಆರಾಮಿದ್ಯಾ?"

"ನಂಗೆಂತ ಆಯ್ದು? ಆರಾಮಿದ್ದಿ."

ಅಲ್ಲಿಗೆ ಮುಗಿಯಿತು. ಕೆಲಸ ಮಾಡುವ ಶನಿಗೆ ಹದಿನಾರು ತಾಸು, ಹೇಳಿಕೊಳ್ಳುವ ಚಂದ್ರನಿಗೆ ಒಂದು ನಿಮಿಷವೂ ಇಲ್ಲ. ಆ ಚಂದ್ರ ಎಲ್ಲಿ ಹೋದ? ಅಡುಗೆಮನೆಯಲ್ಲಿ ಯಾರದೋ ಒಂದು ಮಾತಿಗೆ ಕಣ್ಣೀರಾಗಿ ಬಂದ, ಇಲ್ಲವೇ "ಇವಳಿಗೆ ಯಾವಾಗಲೂ ಸುಸ್ತು" ಅಂತ ಸೊಸೆಯ ಮೇಲೆ ಸಿಡುಕಾಗಿ ಬಂದ. ಸೊಸೆ ಆರಾಮಾಗಿ ಕೂತು ಚಹಾ ಕುಡಿದರೆ ಸಿಟ್ಟು ಯಾಕೆ? ತನಗೆ ಕೊಟ್ಟುಕೊಳ್ಳದ್ದನ್ನು ಅವಳು ಕೊಟ್ಟುಕೊಂಡಳು. ಇಂಥವರು ನೋಟ್‌ಬುಕ್ಕಿನಲ್ಲಿ ಒಂದು ತುದಿಗೆ "ಮಾಡುವವಳು", ಇನ್ನೊಂದು ತುದಿಗೆ "ಕೂರಬೇಕು ಅನ್ನಿಸುವವಳು" ಅಂತ ಬರೆಯಬಹುದು.

ಇದೇ ಜೋಡಿ ಉಲ್ಟಾ ಆಗಿಯೂ ಇರುತ್ತದೆ. ಮನಸ್ಸಿಗೆ ಬೇಸರ ಅಂತ ಹೇಳಿಯೇ ದಿನ ಕಳೆಯುವವರು. ಅವರ ಎದುರಿಗೆ ಶನಿ ಕಟುವಾದ ಅಪ್ಪನಾಗಿಯೋ ಬ್ಯಾಂಕಿನ ನೋಟೀಸಾಗಿಯೋ ಬರುತ್ತಾನೆ.

ಸೂರ್ಯ ಮತ್ತು ಶನಿ. ಕಾಣಿಸಿಕೊಳ್ಳುವುದು ಒಂದು ಕಡೆ, ಕಾಣದೆ ದುಡಿಯುವುದು ಇನ್ನೊಂದು ಕಡೆ. ಕಚೇರಿಯಲ್ಲಿ ಕಡತ ಪೂರ್ತಿ ತಾನೇ ತಯಾರು ಮಾಡಿ, ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು, ಶಹಬ್ಬಾಸ್‌ಗಿರಿ ಸಾಹೇಬರಿಗೆ ಹೋದಾಗ ರಾತ್ರಿ ಹೆಂಡತಿಯ ಹತ್ತಿರ ಗೊಣಗುವವರನ್ನು ನೀವು ಬಲ್ಲಿರಿ. ಸಾಹೇಬರು ಸರಿಯಿಲ್ಲದಿರಬಹುದು. ಆದರೆ ಇವರ ಸೂರ್ಯನಿಗೆ ಇವರೇ ರಜೆ ಕೊಟ್ಟಿದ್ದಾರೆ. ಬೇರೆ ಯಾರೋ ಬೆಳಗುವುದು ಕಣ್ಣಿಗೆ ಚುಚ್ಚುವುದು ಅದಕ್ಕೇ.

ಕುಜ ಮತ್ತು ಶುಕ್ರ. ನುಗ್ಗುವವನು, ಒಲಿಸುವವನು. ಬೈತಖೋಲ ಬಂದರಿನಲ್ಲಿ ಬೋಟಿನ ಮೇಲೆ ದುಡಿಯುವವರನ್ನು ನೆನೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಹತ್ತು ತಿಂಗಳು ಅಲೆಯ ಜೊತೆ ಕುಸ್ತಿ ಆಡಿದ ಮೈ ಒಮ್ಮೆಲೇ ಮನೆಯಲ್ಲಿ. ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಕೆಲಸ ಹಿಡಿದವನ ಕುಜ ಸಮಾಧಾನ. ಅದೂ ಇಲ್ಲದವನ ಮನೆಯಲ್ಲಿ ಸಣ್ಣ ವಿಷಯಕ್ಕೂ ಜಗಳ. ಕುಜನನ್ನು ಸುಮ್ಮನೆ ಕೂರಿಸಿದರೆ ಶುಕ್ರನ ಮನೆಯಲ್ಲೂ ಶಾಂತಿ ಇರುವುದಿಲ್ಲ.

ಗುರು ಬುಧ ಎದುರಾದರೆ ದೊಡ್ಡ ಯೋಜನೆಗೂ ಸಣ್ಣ ಲೆಕ್ಕಕ್ಕೂ ತಿಕ್ಕಾಟ. ಕುಜ ಶನಿ ಎದುರಾದರೆ ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ. ಸೂರ್ಯ ಚಂದ್ರ ಎದುರಾದವರು ಹೊರಗಿನ ಹೆಸರು ಮತ್ತು ಮನೆಯೊಳಗಿನ ನೆಮ್ಮದಿ ಈ ಎರಡರ ನಡುವೆ ಓಡಾಡುತ್ತಾರೆ. ಉಳಿದವನ್ನು ನೀವೇ ಬರೆದುಕೊಳ್ಳಬಹುದು.

ಗ್ರಹಗಳ ಜೋಡಿಯೇ ಇಲ್ಲ ಅನ್ನುವವರಿಗೆ ರಾಹು ಕೇತು ಇದ್ದಾರೆ. ಅವರು ಎಲ್ಲರ ಜಾತಕದಲ್ಲೂ ಸರಿಯಾಗಿ 180 ಡಿಗ್ರಿ ದೂರ. ಕೇತು ಇರುವ ಮನೆ ನಿಮಗೆ ರೂಢಿಯಾಗಿ ಬೇಸರ ಬಂದದ್ದು, ರಾಹು ಇರುವ ಮನೆ ಬಾಯಿ ಬಿಟ್ಟುಕೊಂಡು ಬಯಸುವುದು. ಉದಾಹರಣೆಗೆ ಕೇತು ನಾಲ್ಕರಲ್ಲಿ, ರಾಹು ಹತ್ತರಲ್ಲಿ. ಊರ ಮನೆ ಬಿಟ್ಟು ಕೆಲಸದ ಹಿಂದೆ ಓಡಿದ ನಮ್ಮ ಅರ್ಧ ಜಿಲ್ಲೆಯ ಕಥೆ ಅದು.

ಐದನೇ ಹೆಜ್ಜೆ: ಚಂದ್ರನ ಜೊತೆ ಒಂದು ತಿಂಗಳು ಬರೆಯಿರಿ

ಮನೆಯಲ್ಲಿ ಬಗ್ಗೋಣ ಪಂಚಾಂಗವೋ ಬೇರೆ ಯಾವುದೋ ಇದ್ದೇ ಇರುತ್ತದೆ. ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ನಿಮ್ಮ ಜೋಡಿಯ ಒಂದು ತುದಿಯ ರಾಶಿಗೆ ಬಂದ ದಿನ ಗುರುತು ಹಾಕಿ. ಹದಿಮೂರು ಹದಿನಾಲ್ಕು ದಿನ ಕಳೆದರೆ ಎದುರಿನ ತುದಿಗೆ ಬಂದಿರುತ್ತಾನೆ. ಆ ದಿನಗಳಲ್ಲಿ ರಾತ್ರಿ ಮಲಗುವ ಮುಂಚೆ ನಾಲ್ಕೇ ಸಾಲು: ಇವತ್ತು ಯಾರ ಮೇಲೆ ಸಿಟ್ಟು ಬಂತು, ಅವರು ಏನು ಮಾಡುತ್ತಿದ್ದರು, ಅದನ್ನು ನಾನು ಮಾಡುತ್ತೇನಾ, ಮಾಡದಿದ್ದರೆ ಯಾಕೆ.

ಕೊನೆಯ ಎರಡು ಪ್ರಶ್ನೆ ಬಿಟ್ಟರೆ ಅದು ಬರೀ ದೂರಿನ ಪುಸ್ತಕವಾಗುತ್ತದೆ. ಚಂದ್ರನ ದಿನವೇ ಆಗಬೇಕು ಅಂತೇನೂ ಇಲ್ಲ. ದಿನ ಗೊತ್ತು ಮಾಡಿಕೊಂಡರೆ ಬರೆಯುವುದು ತಪ್ಪುವುದಿಲ್ಲ, ಅದೇ ಇದರ ಲಾಭ. ಪ್ರತಿ ಹುಣ್ಣಿಮೆಗೆ ಹಿಂದಿನ ಪುಟ ತಿರುವಿ ಓದಿ. ಒಂದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ನಿಮ್ಮ ಖಾಲಿ ಕೂತ ಗ್ರಹ ಯಾರ ವೇಷದಲ್ಲಿ ಓಡಾಡುತ್ತಿದೆ ಅಂತ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಇಬ್ಬರಿಗೂ ಕೆಲಸ

ಇದು ಮುಖ್ಯ ಭಾಗ. ಇಲ್ಲಿ ಜನ ಮಾಡುವುದು ಏನೆಂದರೆ "ಸಮತೋಲನ" ಅಂತ ಹೇಳಿ ಎರಡನ್ನೂ ಅರ್ಧರ್ಧ ಮಾಡುತ್ತಾರೆ. ಅರ್ಧ ಶನಿ, ಅರ್ಧ ಚಂದ್ರ. ಎರಡೂ ಸಪ್ಪೆ.

ಶಿರಸಿ ಕಡೆಯವರು ಬೋರ್ಡೋ ದ್ರಾವಣ ಮಾಡುವುದನ್ನು ನೋಡಿದ್ದೀರಲ್ಲ. ಮಳೆಗಾಲಕ್ಕೆ ಕೊಳೆ ರೋಗ ಬರದಂತೆ ಅಡಿಕೆ ಗೊನೆಗೆ ಹೊಡೆಯುವ ಔಷಧ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಒಂದನ್ನೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಬರೀ ಸುಣ್ಣದಿಂದ ಕೊಳೆ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ, ಬೇರೆ ಬೇರೆ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ನಿಧಾನ ಸುರಿಯಬೇಕು. ಕೊನೆಗೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕಿಗೆ ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲಲಿಲ್ಲ, ಇನ್ನಷ್ಟು ಹಾಕು. ಆ ಚಾಕು ನೋಡದೆ ಕೊನೆಗೌಡನನ್ನು ಮರ ಹತ್ತಿಸುವುದಿಲ್ಲ.

ಗ್ರಹಗಳಿಗೂ ಇದೇ ಕ್ರಮ. ಮೊದಲು ಬೇರೆ ಬೇರೆ. ಖಾಲಿ ಕೂತ ಗ್ರಹಕ್ಕೆ ಅದರದ್ದೇ ಆದ ಹೊತ್ತು, ಜಾಗ ಕೊಡಿ. ಸಿದ್ದಾಪುರದ ಆ ಆಯಿಗೆ ಮಧ್ಯಾಹ್ನ ಮೂರರಿಂದ ಅರ್ಧ ತಾಸು. ಜಗಲಿಯ ಮೇಲೆ, ಅಡುಗೆಮನೆಯಲ್ಲಿ ಅಲ್ಲ. ಆ ಹೊತ್ತಿಗೆ ಯಾರ ಚಹಾವೂ ಅವಳ ಜವಾಬ್ದಾರಿ ಅಲ್ಲ. ಕಚೇರಿಯವರಿಗೆ ಪ್ರತಿ ಸಭೆಯಲ್ಲಿ ಒಂದೇ ಒಂದು ವಾಕ್ಯ: "ಈ ಲೆಕ್ಕ ನಾನು ಮಾಡಿದ್ದು ಸರ್, ಪ್ರಶ್ನೆ ಇದ್ದರೆ ನನ್ನನ್ನೇ ಕೇಳಿ." ಕುಜ ಕೂತುಬಿಟ್ಟವರಿಗೆ ಮೈ ಬೆವರುವ ಕೆಲಸ, ಶುಕ್ರ ಸೊರಗಿದವರಿಗೆ ಲಾಭ ನಷ್ಟ ಲೆಕ್ಕ ಹಾಕದ ಒಂದು ಸಂಜೆ. ಗುರು ಬುಧರ ಜೋಡಿಗೆ ಒಂದು ದಿನ ಬರೀ ಕನಸು ಬರೆಯುವುದು, ಇನ್ನೊಂದು ದಿನ ಬರೀ ಖರ್ಚು ಬರೆಯುವುದು. ಒಂದೇ ದಿನ ಎರಡೂ ಬೇಡ.

ಒಂದೆರಡು ತಿಂಗಳು ಹೀಗೆ ಹೋದ ಮೇಲೆ ಕೂಡಿಸಿ. ಮಗಳ ಫೋನ್ ಬಂದಾಗ ಉತ್ತರ ಬದಲಾಗಬೇಕು.

"ಆಯಿ, ಆರಾಮಿದ್ಯಾ?"

"ಇವತ್ತು ಸೊಂಟ ನೋಯ್ತು ಕೂಸೆ. ರಾತ್ರಿ ಅಡುಗೆ ಮಾಡಲೆ ಮನಸಿಲ್ಲೆ."

ಕೆಲಸವೂ ಇದೆ, ಹೇಳಿಕೊಳ್ಳುವುದೂ ಇದೆ. ಒಂದೇ ಮಾತಿನಲ್ಲಿ ಶನಿ ಚಂದ್ರ ಇಬ್ಬರೂ ಕೂತರು. ಮಗಳಿಗೆ ಮೊದಲು ಗಾಬರಿಯಾಗುತ್ತದೆ, ಆಗಲಿ.

ಚಾಕು ಪರೀಕ್ಷೆ ಮರೆಯಬೇಡಿ. ನೀವು ಬದಲಾದಿರಿ ಅಂತ ನಿಮಗೆ ಅನ್ನಿಸಿದರೆ ಸಾಲದು. ನೋಟ್‌ಬುಕ್ಕಿನಲ್ಲಿ ಜಾಸ್ತಿ ಸಲ ಬಂದ ಹೆಸರು ಯಾರದ್ದೋ ಅವರನ್ನೇ ಗಮನಿಸಿ. ಅವರು ಹಿಂದಿನದ್ದೇ ಮಾತು ಆಡಿದಾಗ ನಿಮಗೆ ಮೊದಲಿನಷ್ಟು ಉರಿಯುತ್ತದೆಯೇ? ಉರಿದರೆ ಇನ್ನೂ ಸುಣ್ಣ ಬೇಕು.

ಯಾವ ವಯಸ್ಸಿನಲ್ಲಿ ಜಾಸ್ತಿ ಎಳೆಯುತ್ತದೆ

ಗೋಚಾರದಲ್ಲೂ, ಅಂದರೆ ಗ್ರಹಗಳ ಈಗಿನ ಚಲನೆಯಲ್ಲೂ, ಎದುರು ನಿಲ್ಲುವುದು ಇದೆ. ಶನಿ ರಾಶಿಚಕ್ರ ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹಾಗಾಗಿ ನಿಮ್ಮ ಹುಟ್ಟಿನ ಶನಿಯ ಎದುರಿಗೆ ಗೋಚಾರದ ಶನಿ ಬರುವುದು 14-15ನೇ ವಯಸ್ಸಿಗೆ, ಮತ್ತೆ 44ರ ಸುಮಾರಿಗೆ. ಮೊದಲನೆಯದು ಸರಿಯಾಗಿ ಎಸ್‌ಎಸ್‌ಎಲ್‌ಸಿ ವಯಸ್ಸು! ಎರಡನೆಯದರಲ್ಲಿ ಮಕ್ಕಳು ಎದುರು ಮಾತಾಡಲು ಕಲಿತಿರುತ್ತಾರೆ, ಊರಲ್ಲಿ ಅಪ್ಪಯ್ಯನಿಗೆ ತೋಟ ನೋಡಲು ಆಗುತ್ತಿರುವುದಿಲ್ಲ. ಆ ವಯಸ್ಸಿನವರಿಗೆ ಗ್ರಹ ನೋಡದೆಯೂ ಕಷ್ಟ ಹೇಳಬಹುದು ಅಂತ ನೀವು ಅಂದರೆ ನಾನು ವಾದ ಮಾಡುವುದಿಲ್ಲ. ಗುರುವಿನ ಸುತ್ತು 12 ವರ್ಷ, ಎದುರು ಬರುವುದು 6, 18, 30, 42 ಹೀಗೆ. ರಾಹು ಕೇತು ಒಂದು ರಾಶಿಯಲ್ಲಿ ಸುಮಾರು ಹದಿನೆಂಟೂವರೆ ತಿಂಗಳು, ಪೂರ್ತಿ ಸುತ್ತಿಗೆ ಸುಮಾರು 18.6 ವರ್ಷ.

ಇಷ್ಟು ಮಾತ್ರ ಮಾಡಬೇಡಿ

ಸಮಸಪ್ತಕ ಇದೆ ಅಂತ ಸಂಬಂಧ ಬಿಡಬೇಡಿ, ಕೂಡಿಸಲೂ ಬೇಡಿ. ಚಿಕ್ಕ ಮಕ್ಕಳ ಜಾತಕ ಹಿಡಿದು "ನಿನ್ನ ಶನಿ ಹೀಗೆ" ಅಂತ ಅವರ ಎದುರಿಗೆ ಹೇಳಬೇಡಿ, ಆ ಮಾತು ಅವರ ಜೊತೆಗೇ ಬೆಳೆಯುತ್ತದೆ. ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಬದುಕು ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ನೋಟ್‌ಬುಕ್ ಅಲ್ಲ ಮದ್ದು. ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ.

ಪೂಜೆ, ಶಾಂತಿ ನಿಮ್ಮ ನಂಬಿಕೆಗೆ ಬಿಟ್ಟದ್ದು. ಗೋಕರ್ಣಕ್ಕೆ ಹೋಗಿ ಕೋಟಿತೀರ್ಥದಲ್ಲಿ ಮಿಂದು ಮಹಾಬಲೇಶ್ವರನಿಗೆ ಕೈ ಮುಗಿದು ಬಂದರೆ ಮನಸ್ಸು ಹಗುರಾಗುತ್ತದೆ ಅನ್ನುವವರು ಹೋಗಿ ಬನ್ನಿ. ಆದರೆ ಯಾರಾದರೂ ಹೆದರಿಸಿ, ಇಷ್ಟು ದಿನದೊಳಗೆ ಇಷ್ಟು ಸಾವಿರ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹುಟ್ಟಿದ ಸಮಯ ಗೊತ್ತಿಲ್ಲದವರು

ಬಹಳ ಜನರ ತೊಂದರೆ ಇದು. ತಾರೀಕು ಗೊತ್ತಿದ್ದರೆ ಸಾಕು, ಲಗ್ನ ಬಿಟ್ಟುಬಿಡಿ. ಸಮಯಕ್ಕೆ ಮಧ್ಯಾಹ್ನ 12 ಅಂತ ಹಾಕಿ ಕುಂಡಲಿ ತೆಗೆಯಿರಿ. ಸೂರ್ಯ, ಕುಜ, ಗುರು, ಶನಿ, ರಾಹು, ಕೇತು ಒಂದು ದಿನದಲ್ಲಿ ಒಂದು ಡಿಗ್ರಿ ಆಸುಪಾಸಿಗಿಂತ ಜಾಸ್ತಿ ಸರಿಯುವುದಿಲ್ಲ, ಹಾಗಾಗಿ ಅವರ ಜೋಡಿಗಳು ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತವೆ. ಅನುಮಾನ ಇರುವುದು ಚಂದ್ರನದ್ದು ಮಾತ್ರ, ಅವನು ದಿನಕ್ಕೆ ಸುಮಾರು 13 ಡಿಗ್ರಿ ಓಡುತ್ತಾನೆ. ಅದೇ ತಾರೀಕಿಗೆ ಬೆಳಗಿನ ಜಾವ 1 ಗಂಟೆ ಹಾಕಿ ಒಮ್ಮೆ, ರಾತ್ರಿ 11 ಹಾಕಿ ಒಮ್ಮೆ ತೆಗೆದು ನೋಡಿ. ಎರಡರಲ್ಲೂ ಚಂದ್ರ ಒಂದೇ ರಾಶಿಯಲ್ಲಿದ್ದರೆ ಅವನನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅವನಿರುವ ರಾಶಿಯನ್ನೇ ಒಂದನೇ ಮನೆ ಅಂತ ಎಣಿಸಿ. ಬೇರೆ ಬೇರೆ ರಾಶಿ ಬಂದರೆ ಚಂದ್ರನ ಜೋಡಿ ಬಿಟ್ಟು ಶನಿ, ಕುಜ, ಗುರುವಿನಿಂದ ಶುರು ಮಾಡಿ. ನಾಲ್ಕನೇ ಹೆಜ್ಜೆಯಿಂದ ಮುಂದಿನದ್ದೆಲ್ಲ ಹಾಗೇ.